ನಿಂತ ನೀರಿಗೆ ದಾರಿ ಕೇಳಿದವರು

ಕಳೆದ ವಾರ ಮದ್ದೂರಿನಿಂದ ಮಳವಳ್ಳಿಗೆ ಹೊರಟ ಬಸ್ಸು ಒಂದು ಆಲೆಮನೆಯ ಎದುರು ಕೆಟ್ಟು ನಿಂತಿತು. ಹಿಂಬದಿಯಲ್ಲಿ ರಾಶಿ ಹಾಕಿದ್ದ ಕಬ್ಬಿನ ತರಗು ಮಳೆಗೆ ನೆನೆದು ಕೊಳೆಯುತ್ತಿತ್ತು. ಹುಳಿಯೂ ಸಿಹಿಯೂ ಆದ ಅದರ ವಾಸನೆ ಕಿಟಕಿಯಿಂದ ನುಗ್ಗಿದೊಡನೆ ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮೂಗರಳಿಸಿ ಕುಳಿತೆ. ಪಕ್ಕದ ಮನೆಯ ತಾತನ ಮಂಕರಿಯಿಂದ, ಹೆಗಲ ಮೇಲಿನ ಟವೆಲಿನಿಂದ ಬರುತ್ತಿದ್ದುದು ಇದೇ ವಾಸನೆ...

ತಾತ ನೀರುಗಂಟಿಯಾಗಿದ್ದವರು. ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದರಲ್ಲೇ ಅವರ ಕೂದಲು ನೆರೆತಿತ್ತು. ಕೆಲಸ ಬಿಟ್ಟ ಮೇಲೂ, ಮಳೆ ಬಂದಾಗ ಎಲ್ಲರೂ ಆಕಾಶ ನೋಡಿದರೆ ಅವರು ನೆಲ ನೋಡುತ್ತಿದ್ದರು. ನೀರು ಎತ್ತ ಹೊರಟಿತೆಂದು ತಿಳಿಯದ ಹೊರತು ಒಳಗೆ ಹೋಗುತ್ತಿರಲಿಲ್ಲ.

ನಮ್ಮ ಹಿತ್ತಿಲಿನದು ಅಪ್ಪಟ ಜೇಡಿಮಣ್ಣು: ಒದ್ದೆಯಾದರೆ ಕಾಲು ಬಿಡದು, ಒಣಗಿದರೆ ಗುದ್ದಲಿ ಕಚ್ಚದು. ಆದರೂ ಅವ್ವ ಅದರಲ್ಲೇ ಬದನೆ, ಅವರೆ, ದಂಟು ಬೆಳೆಯುತ್ತಿದ್ದಳು. ನಾನು ಎಂ.ಎ. ಮುಗಿಸಿ ಊರಿಗೆ ಮರಳಿದ ವರ್ಷ ಹಿತ್ತಿಲಿಗೆ ತಾಗಿದ ರಸ್ತೆಯನ್ನು ಎರಡಡಿ ಎತ್ತರಿಸಿದರು. ನೀರು ಹರಿಯುತ್ತಿದ್ದ ಹಳೆಯ ಮೋರಿಯನ್ನು ಜಲ್ಲಿಯಡಿ ಹೂತರು. ಮೊದಲ ಮಳೆಗೇ ಹಿತ್ತಿಲು ಕೆರೆಯಾಯಿತು. ಎರಡು ಸಲ ನೆಟ್ಟ ಸಸಿಗಳು ಬುಡ ಕೊಳೆತು ಒರಗಿದವು. ಮೂರನೆಯ ಸಲ ನೆಡುವ ಬದಲು, ಎಲ್ಲಕ್ಕೂ ಕಾಂಕ್ರೀಟು ಹಾಕಿಸಿಬಿಡೋಣ ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು.

ರಸ್ತೆ ಮಾಡಿಸಿದ ಇಲಾಖೆಗೆ ಅರ್ಜಿ ಬರೆದೆ. 'ಹೊಣೆಗೇಡಿತನ', 'ಉತ್ತರದಾಯಿತ್ವ' ಎಂಬ ಪದಗಳು ಸಾಲು ಸಾಲಿಗೂ ಇದ್ದವು. ಉತ್ತರ ಬರಲಿಲ್ಲ. ಅಷ್ಟರಲ್ಲಿ ನನ್ನದೇ ಬುದ್ಧಿ ಖರ್ಚುಮಾಡಿ, ಒಂದು ಟ್ರ್ಯಾಕ್ಟರು ಮರಳು ತರಿಸಿ ಅರ್ಧ ಹಿತ್ತಿಲಿಗೆ ಬೆರೆಸಿದ್ದೆ. ಬಿಸಿಲು ಬಿದ್ದದ್ದೇ ತಡ, ಅದು ಗಾರೆಯಂತೆ ಗಟ್ಟಿಯಾಯಿತು. ತಾತ ಬಂದು ಹಾರೆಯ ತುದಿಯಿಂದ ಕುಟ್ಟಿ, ಕಿವಿಗೊಟ್ಟು ಸದ್ದು ಕೇಳಿದರು.

"ಇಟ್ಟಿಗೆ ಮಾಡಾಕೆ ಎಂಎ ಯಾಕವ್ವ ಓದ್ಬೇಕಿತ್ತು?"

ನಾನು ಅರ್ಜಿಯ ಪ್ರತಿಯನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. "ಚೆಂದಾಗೈತೆ. ಆದ್ರೆ ಕಾಗ್ದ ಓದೋರ ಕಾಲು ಒದ್ದೆ ಆಗಾಕಿಲ್ಲ ಕಣವ್ವ," ಎಂದರು.

ರಸ್ತೆಯ ಅಳತೆಗೆ ಇಂಜಿನಿಯರು ಬಂದ ದಿನ ತಾತ ಅವರನ್ನು ಮಜ್ಜಿಗೆ ಕುಡಿಯಲು ಕರೆದರು. ಕರೆತಂದದ್ದು ಮಾತ್ರ ನಮ್ಮ ಹಿತ್ತಿಲ ದಾರಿಯಲ್ಲಿ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ನಾಲ್ಕನೆಯ ಹೆಜ್ಜೆಗೆ ಇಂಜಿನಿಯರರ ಬೂಟು ಹೂತುಹೋಯಿತು. ಐದನೆಯದಕ್ಕೆ ಕಾಲು ಮಾತ್ರ ಮೇಲೆ ಬಂತು. ಬೀದಿಯ ಹೆಂಗಸರೆಲ್ಲ ಬೇಲಿಯ ಬಳಿ ಸೇರಿದರು.

"ಅಲ್ಲಾಡ್ಬ್ಯಾಡಿ ಸಾ, ಇನ್ನೂ ಇಳೀತೀರಿ," ಎಂದು ತಾತ ಲೋಟವನ್ನು ಅವರ ಕೈಗಿತ್ತರು. "ಕುಡ್ಕಂಡು ನಿಧಾನಕ್ಕೆ ಉತ್ರ ಏಳಿ. ಈ ನೀರು ಎಲ್ಲಿಗೋಗ್ಬೇಕು?"

"ರಸ್ತೆ ಕೆಳಗೆ ಪೈಪು ಹಾಕಬೇಕಿತ್ತು..."

"ಬೇಕಿತ್ತು ಅನ್ನೋದ ಬುಡಿ. ಯಾವತ್ತು ಆಕುಸ್ತೀರಿ?"

"ಹದಿನೈದು ದಿನದಲ್ಲಿ."

"ಕೇಳುಸ್ಕಂಡ್ರೇನ್ರವ್ವ?" ಬೇಲಿಯುದ್ದಕ್ಕೂ ನಗು ಹರಡಿತು. ಗೆದ್ದೆನೆಂದು ನಾನು ಬೀಗುತ್ತಿದ್ದಂತೆ ತಾತ ನನ್ನತ್ತ ತಿರುಗಿದರು. "ನಿನ್ನ ಅರ್ಜೀಲಿ ಮರಳಿನ ಸುದ್ದಿ ಬರ್ದಿದ್ದೀಯಾ? ಅದ್ನೂ ಏಳ್ಬುಡು."

ಬರೆದಿರಲಿಲ್ಲ. ನಾನೇ ಕೆಡಿಸಿದ ಅರ್ಧ ಹಿತ್ತಿಲಿಗೂ ರಸ್ತೆಯನ್ನೇ ದೂರಿದ್ದೆ. ಕಿವಿ ಬಿಸಿಯಾಗುತ್ತಿದ್ದರೂ ಎಲ್ಲರೆದುರು ಒಪ್ಪಿಕೊಂಡೆ. ಇಂಜಿನಿಯರು ಜೋರಾಗಿ ನಕ್ಕರು. ಪ್ಯಾಂಟು ಮಡಚಿ, ತಾವೇ ಕೆಸರಿಗೆ ಕೈಹಾಕಿ ಬೂಟು ಕಿತ್ತುಕೊಂಡರು. ಹನ್ನೆರಡನೆಯ ದಿನ ಪೈಪು ಬಂತು.

ಆಮೇಲಿನ ತಿಂಗಳುಗಳು ಮನೆಗೆ ಹಬ್ಬ. ಗಾಡಿಗಟ್ಟಲೆ ತರಗು, ಸಗಣಿ ಗೊಬ್ಬರ, ಹೊಂಗೆಸೊಪ್ಪು ತಂದು ಮೊಣಕಾಲೆತ್ತರದ ಮಡಿಗಳನ್ನು ಕಟ್ಟಿದೆವು. ನಡುವೆ ನೀರು ಬಸಿಯಲು ಕಾಲುವೆ ತೆಗೆದೆವು. ಅಗೆಯುವ ಮುನ್ನ ತಾತ ಬರಿಗಾಲಲ್ಲಿ ನಿಂತು ಮಣ್ಣಿನ ಹದ ನೋಡುತ್ತಿದ್ದರು. ಹಿಮ್ಮಡಿಗೆ ಅಂಟಿದರೆ "ಇವತ್ತು ಬ್ಯಾಡ". ಬೆರಳ ಸಂದಿಯಲ್ಲಿ ಪುಡಿಯಾದರೆ "ಊಂ, ಇಳೀರಿ". ಒಂದು ದಿನ ಆತುರಪಟ್ಟರೂ ಜೇಡಿ ಹೆಂಟೆಗಟ್ಟಿ, ವರ್ಷವಿಡೀ ಬೇರನ್ನು ಒಳಬಿಡದು. ಮರಳು ಬೆರೆಸಿ ಕೆಡಿಸಿದ ಅರ್ಧವನ್ನು ನಾನೊಬ್ಬಳೇ ಒಡೆಯಬೇಕೆಂದು ಅವರ ಕಟ್ಟಪ್ಪಣೆ. ಒಡೆದೆ, ಅವರು ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತ ಪ್ರತಿ ಏಟಿಗೂ ತಪ್ಪು ಹುಡುಕಿದರು. ಆ ವರ್ಷ ಅವ್ವನ ಬದನೆ ಗಿಡಗಳಿಗೆ ಕಾಯಿಯ ಭಾರ ತಡೆಯಲು ಕೋಲು ಊರಬೇಕಾಯಿತು. ಬೀದಿಯ ಎಲ್ಲ ಮನೆಗಳಲ್ಲೂ ವಾರವಿಡೀ ಬದನೆಕಾಯಿ ಸಾರು. ಗಂಡಸರು ಗೊಣಗಿದರು, ಅವ್ವ ಮತ್ತೆ ಮಂಕರಿ ತುಂಬಿ ಕಳಿಸಿದಳು.

ತಾತ ತೀರಿಕೊಂಡು ಎರಡು ಮಳೆಗಾಲ ಕಳೆದವು. ನೀರು ಈಗಲೂ ತನ್ನ ದಾರಿಯಲ್ಲಿ ಹೋಗುತ್ತಿದೆ. ನನಗೆ ಬಾರದೆ ಉಳಿದದ್ದು ಅವರ ಪಾದಗಳಿಗಿದ್ದ ಖಚಿತತೆ ಮಾತ್ರ... ಇಂದು ಬೆಳಿಗ್ಗೆ ಬೀದಿಯ ಮೂವರು ಹೆಂಗಸರು ಗುದ್ದಲಿ ಹಿಡಿದು ಬಂದಿದ್ದರು. ಈಗ ಅವರ ಹಿತ್ತಿಲುಗಳಲ್ಲೂ ಮಡಿಗಳಿವೆ. "ಇವತ್ತು ಅಗೀಬೋದೇನವ್ವ?"

ಚಪ್ಪಲಿ ಬಿಟ್ಟು ಮಣ್ಣಿಗಿಳಿದೆ. ಅಂಟಿತೋ, ಇಲ್ಲವೋ... ಬಹಳ ಹೊತ್ತು ನಿಂತೆ.

"ಬ್ಯಾಡ, ನಾಳೆ," ಎಂದೆ. "ತಪ್ಪಾದ್ರೆ ನನ್ನೇ ಕೇಳಿ."

ಅವರು ನಕ್ಕು ಗುದ್ದಲಿ ಹೆಗಲಿಗೇರಿಸಿ ಹೊರಟರು. ತಪ್ಪಾದರೆ ಕೇಳಲು ಮೂವರಿದ್ದಾರೆ. ಸರಿಯಾದರೆ ಓಡಿಹೋಗಿ ಹೇಳಬೇಕಾದವರು ಪಕ್ಕದ ಮನೆಯಲ್ಲಿಲ್ಲ.