ಬೇಳೆಗೆ ಹಾಕಿದ ಸೋಡಾ

ನಾನು ಹುಟ್ಟಿದ್ದು ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ. ಹೊಳೆಯ ನೀರಲ್ಲಿ ತೊಗರಿಬೇಳೆ ಎರಡು ಕುದಿಗೇ ಅರಳುತ್ತಿತ್ತು. ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ಮದುವೆಯಾಗಿ ಶಹಾಬಾದಿಗೆ ಬಂದೆ. ಅಲ್ಲಿ ಕಲ್ಲು ಕೊರೆದು ತೋಡಿದ ಬಾವಿ, ಗಡಸು ನೀರು. ಬೆಳಿಗ್ಗೆ ಒಲೆಗಿಟ್ಟ ಬೇಳೆ ಗಂಡಸರು ಗಣಿಯಿಂದ ಉಣ್ಣಲು ಬರುವ ಹೊತ್ತಿಗೂ ಕಾಳುಕಾಳಾಗಿಯೇ ಇರುತ್ತಿತ್ತು. ಒಲೆ ಊದಿ ಊದಿ ನನಗೆ ಮಾತಾಡಲೂ ಉಸಿರು ಉಳಿಯುತ್ತಿರಲಿಲ್ಲ.

"ತವರಮನ್ಯಾಗ ಬ್ಯಾಳಿ ಕುದಿಸೋದೂ ಕಲಿಸಿಲ್ಲೇನ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು.

ಒಂದು ದಿನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಚಿಟಿಕಿ ಸೋಡಾ ಹಾಕಿ ನೋಡವ್ವ, ಬೆಣ್ಣಿ ಆಗ್ತದ" ಎಂದಳು.

ಅಡುಗೆಮನೆಯ ಗೂಡಿನಲ್ಲಿ ಬಿಳಿ ಪುಡಿಯ ಪೊಟ್ಟಣವಿತ್ತು. ಹಪ್ಪಳಕ್ಕೆ ತಂದಿಟ್ಟ ಸೋಡಾ ಅಂದುಕೊಂಡೆ. ಚಿಟಿಕೆ ಹಾಕಿದೆ, ಬೇಯಲಿಲ್ಲ. ಸಾಕಾಗಿಹೋಗಿತ್ತು, ಅರ್ಧ ಹಿಡಿ ಸುರಿದೆ. ಬೇಳೆ ಕರಗಿ ಹೋಯಿತು. ಈ ಮನೆಗೆ ಬಂದ ಮೇಲೆ ಮೊದಲ ಸಲ ಗೋಡೆಗೆ ಒರಗಿ ಕೂತೆ.

ಇಷ್ಟು ಬೇಗ ಬೆಂದದ್ದನ್ನು ಅತ್ತೆ ನಂಬಲಿಲ್ಲ. ಬಟ್ಟಲಲ್ಲಿ ಹಾಕಿಕೊಂಡು ರುಚಿ ನೋಡಿದವರು ಬಾಯಿ ಹಿಡಿದುಕೊಂಡು ಬಚ್ಚಲಿಗೆ ಓಡಿದರು.

"ಏನ್ ಹಾಕೀದಿ?"

ಪೊಟ್ಟಣ ತೋರಿಸಿದೆ.

"ಹುಚ್ಚಿ, ಇದು ಅರಿಬಿ ಒಗಿಯೋ ಸೋಡಾ! ತಿನ್ನೋ ಸೋಡಾ ಬ್ಯಾರೆ ಅದ. ಗಂಟಲಾ ಸುಟ್ಟ್ ಹೋಗ್ತದ!"

ಮತ್ತೆ ಮತ್ತೆ ನೀರು ಮುಕ್ಕಳಿಸಿದರು. ಅವರೇ ಪಾತ್ರೆ ಎತ್ತಿ ಬೇಳೆಯನ್ನೆಲ್ಲ ಗುಂಡಿ ತೋಡಿ ಹೂತರು. ಗಂಡಸರು ಬಂದಾಗ, "ಬೆಕ್ಕ ಬಾಯಿ ಹಾಕ್ತು, ಚಲ್ಲೀನಿ" ಎಂದು ಹೇಳಿ, ರೊಟ್ಟಿಗೆ ಶೇಂಗಾಹಿಂಡಿ ಚಟ್ನಿ ಬಡಿಸಿದರು.

ನಾಲಗೆಯಲ್ಲಿ ಬೊಬ್ಬೆ ಎದ್ದು ಅವರು ನಾಲ್ಕು ದಿನ ಬರೀ ಗಂಜಿ ಕುಡಿದರು. ಗಂಜಿ ಕೊಡುವಾಗ ನಾನೇ ಕೇಳಿದೆ, "ಯಾಕ ಬೈಯ್ಲಿಲ್ಲರಿ ಅತ್ತಿ?"

"ಬೈಯ್ಲಾಕ ಬಾಯಿ ಎಲ್ಲದ?" ಎಂದರು. ಗಂಜಿಯ ಬಟ್ಟಲು ಕೆಳಗಿಟ್ಟು, "ಅದನ್ನ ಅಡಗಿಮನ್ಯಾಗ ಇಟ್ಟಾಕಿ ನಾನೇ. ಈ ನೀರಿನ ಸಲುವಾಗಿ ನಾನೂ ನಮ್ಮತ್ತಿ ಕಡಿಂದ ಹನ್ನೊಂದ ವರ್ಷ ಬೈಸ್ಕೊಂಡೀನಿ."

ಒಗೆಯುವ ಸೋಡಾವನ್ನು ಬಟ್ಟೆಯಲ್ಲಿ ಕಟ್ಟಿ ಬಚ್ಚಲ ಗೂಟಕ್ಕೆ ತೂಗುಹಾಕಿದೆವು. ಇನ್ನು ಯಾವ ಸೋಡಾವೂ ಬೇಡವೆಂದು ನಸುಕಿನಲ್ಲೇ ಬೇಳೆ ನೆನೆಹಾಕುವುದು ರೂಢಿಯಾಯಿತು. ಆದರೂ ಅದು ಬೇಯುವುದು ತಡವೇ. ಒಬ್ಬರು ಊದಿ ಸೋತಾಗ ಇನ್ನೊಬ್ಬರು ಊದುಗೊಳವೆ ತೆಗೆದುಕೊಳ್ಳುತ್ತಿದ್ದೆವು.