ಮಳವಳ್ಳಿಗೆ ತಲುಪದ ದನಿ

2023ರಲ್ಲಿ ನಾನು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ಸಪೋರ್ಟ್ ಕೆಲಸದಲ್ಲಿದ್ದೆ. ಪ್ರಿಂಟರ್‌ನಿಂದ ಸರ್ವರ್‌ವರೆಗೆ ಏನು ಕೆಟ್ಟರೂ ಫೋನ್ ಬರುತ್ತಿದ್ದುದು ನನಗೆ. ರೋಗಿಯನ್ನು ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ವೈದ್ಯರು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅದನ್ನು ಕೇಳಿ ಟೈಪ್ ಮಾಡುವ ಕೆಲವರು ಕೋವಿಡ್ ಕಾಲದಿಂದಲೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಅವರ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ವಿಂಡೋಸ್. ಆ ವರ್ಷ ಆಸ್ಪತ್ರೆಯವರು ಹಳೆಯ ಸರ್ವರ್ ತೆಗೆದು, ರೆಕಾರ್ಡ್ ರೂಮಿನಲ್ಲಿ ಲಿನಕ್ಸ್ ಇರುವ ಹೊಸ ಕಂಪ್ಯೂಟರ್ ಕೂರಿಸಿದರು. ಟೈಪಿಸ್ಟ್‌ಗಳು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಹೋಗಬೇಕು. ಅಂದರೆ ಕೆಲಸ ನಡೆಯುವುದು ಮಂಡ್ಯದ ಯಂತ್ರದಲ್ಲಿ. ಮನೆಯಲ್ಲಿ ಕೂತವರಿಗೆ ಅದರ ಪರದೆಯ ಚಿತ್ರ ಮಾತ್ರ ಬರುತ್ತದೆ, ಅವರು ಒತ್ತಿದ ಕೀಲಿಗಳು ಮಂಡ್ಯಕ್ಕೆ ಹೋಗುತ್ತವೆ.

ಎರಡು ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹೀಗೆ ಜೋಡಿಸಿದಾಗ ತಕರಾರು ಸಾಮಾನ್ಯ. ಒಬ್ಬರಿಗೆ ಪರದೆ ಪೂರ್ತಿ ಕಪ್ಪಾಗಿ ಬಂತು; ಅವರದೇ ಹೆಸರಿನಲ್ಲಿ ಯಾರೋ ಮಂಡ್ಯದ ಯಂತ್ರದ ಮುಂದೆ ಕೂತು ಲಾಗಿನ್ ಆಗಿ, ಹಾಗೇ ಬಿಟ್ಟು ಎದ್ದು ಹೋಗಿದ್ದರು. ಮ್ಯಾಕ್ ಇಟ್ಟುಕೊಂಡಿದ್ದ ಒಬ್ಬ ಡಾಕ್ಟರಿಗೆ ಕೀಲಿಗಳು ಅದಲುಬದಲಾದವು. ಒಂದೊಂದನ್ನೇ ಸರಿ ಮಾಡುತ್ತ ಬಂದೆ. ಕೊನೆಗೆ ಉಳಿದದ್ದು ಮಳವಳ್ಳಿಯ ಭಾಗ್ಯ ಎಂಬ ಟೈಪಿಸ್ಟ್‌ನ ದೂರು: ಸೌಂಡ್ ಬರುತ್ತಿಲ್ಲ.

ನನ್ನ ಹೆಂಡತಿ ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು. ದುಃಖವಾಗುತ್ತಿತ್ತು ಎನ್ನಲಾರೆ, ಏನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತುತ್ತಿದ್ದೆ, ಮಂಡ್ಯದಲ್ಲಿ ಇಳಿಯುತ್ತಿದ್ದೆ, ಯಾರಾದರೂ ತೊಂದರೆ ಹೇಳಿದರೆ ಬಗೆಹರಿಸುತ್ತಿದ್ದೆ. ಸಂಜೆ ಬಂದು ಮನೆಯ ಬೀಗ ತೆಗೆಯುತ್ತಿದ್ದೆ. ಭಾಗ್ಯಳಿಗೂ ಅಂಥದೇ ಒಂದು ಮಧ್ಯಾಹ್ನ ಫೋನ್ ಮಾಡಿದೆ.

"ಪರದೆ ಬರ್ತಾ ಇದೆಯಲ್ಲಮ್ಮ? ಡಾಕ್ಟರ ರೆಕಾರ್ಡಿಂಗ್ ಮೊಬೈಲಲ್ಲೇ ಕೇಳುತ್ತೆ. ಕಂಪ್ಯೂಟರಿನ ಸೌಂಡ್ ಯಾಕೆ ಬೇಕು?"

"ಪರ್ದೆ ಬಂತೋ ಬುಡ್ತೋ ನಂಗೆಂಗೆ ಗೊತ್ತಾಯ್ತದೆ ಸಾ? ನಂಗೆ ಕಣ್ ಕಾಣಕ್ಕಿಲ್ಲ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆಕೆ ಕೆಲಸ ಮಾಡುತ್ತಿದ್ದುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಒತ್ತಿದ ಅಕ್ಷರವನ್ನು, ಪರದೆಯ ಮೇಲಿನ ಸಾಲನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುವುದು ಬರೀ ಚಿತ್ರವಾದ್ದರಿಂದ, ಆಕೆಯ ಮನೆಯ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ. ಹಾಗಾಗಿ ಸರ್ವರ್ ಕೂರಿಸಿದ ಕಂಪನಿಯವರು ಲಿನಕ್ಸ್‌ನಲ್ಲೇ ಆಕೆಗೊಂದು ಸ್ಕ್ರೀನ್ ರೀಡರ್ ಹಾಕಿದ್ದರು. ಅದರ ದನಿ ಮಳವಳ್ಳಿಗೆ ಬರಬೇಕಿತ್ತು. ಬಂದಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ಏನ್ ಮಾಡ್ತಾ ಇದ್ರಿ?"

"ಬೆರಳು ಅಭ್ಯಾಸದ ಮ್ಯಾಲೆ ಒಡ್ಕೊಂಡೋಯ್ತದೆ ಸಾ. ಎಲ್ಲ ಟೈಪ್ ಮಾಡಿಟ್ಟಿವ್ನಿ. ಕಳ್ಸಿಲ್ಲ. ಕಿವಿಗೆ ಬೀಳ್ದೇ ಇರದ್ನ ನಾ ಕಳ್ಸಕ್ಕಿಲ್ಲ."

ಆಸ್ಪತ್ರೆಯ ಆಡಳಿತಾಧಿಕಾರಿಯ ಲೆಕ್ಕದಲ್ಲಿ ಕಳಿಸದ ಕೆಲಸ ಮಾಡದ ಕೆಲಸ. ವಿಚಾರಿಸಿದಾಗ ಅವರು, ಶನಿವಾರದೊಳಗೆ ಮಳವಳ್ಳಿಯಿಂದ ಫೈಲು ಬಾರದಿದ್ದರೆ ಆ ಪಾಲನ್ನು ಹೊರಗಿನ ಏಜೆನ್ಸಿಗೆ ಕೊಡುವುದೆಂದು ಆಗಲೇ ತೀರ್ಮಾನಿಸಿದ್ದರು. ನಾನು ತಲೆಯಾಡಿಸಿ ಬಂದು ನನ್ನ ಜಾಗದಲ್ಲಿ ಕೂತೆ.

ಕೂತಲ್ಲಿಂದಲೇ ನೋಡಿದಾಗ ಭಾಗ್ಯಳ ವಿಂಡೋಸ್‌ನಲ್ಲಿ ಎಲ್ಲ ಸೆಟ್ಟಿಂಗ್ ಸರಿಯಿತ್ತು. ಲಿನಕ್ಸ್‌ನಲ್ಲೂ ದನಿಯ ಮಟ್ಟ ಪೂರ್ತಿ ಏರಿಸಿತ್ತು. ಅಲ್ಲಿ ಸದ್ದಿನ ಏರಿಳಿತ ತೋರಿಸುವ ಸಣ್ಣ ಪಟ್ಟಿಯೊಂದು ಇರುತ್ತದೆ. ಆಕೆ ಟೈಪ್ ಮಾಡಿದಾಗೆಲ್ಲ ಅದು ಕುಣಿಯುತ್ತಿತ್ತು. ಅಂದರೆ ಸ್ಕ್ರೀನ್ ರೀಡರ್ ಓದುತ್ತಿದೆ. ನನ್ನ ಕಂಪ್ಯೂಟರಿನಿಂದ ಆಕೆಯ ಹೆಸರಿನಲ್ಲಿ ಹೋದರೂ ನಿಶ್ಶಬ್ದ. ಕಾರಣ ಹೊಳೆಯಲಿಲ್ಲ. ಸರ್ವರ್ ಕಂಪನಿಗೆ ಒಂದು ಈಮೇಲ್ ಬರೆದು ಸುಮ್ಮನಾದೆ.

ಮಾರನೆಯ ದಿನ ರೆಕಾರ್ಡ್ ರೂಮಿನ ಅಟೆಂಡರ್ ನಿಂಗಯ್ಯ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಸಾ, ಆ ಒಸ ಡಬ್ಬನ ಬ್ಯಾರೆ ಕಡೆ ಇಡಿಸ್ಬುಡಿ. ತನ್ಪಾಡಿಗೆ ತಾನೇ ಮಾತಾಡ್ತದೆ."

"ಏನಂತ?"

"ಎ, ಬಿ, ಸಿ ಅಂತದೆ. ಮಾತ್ರೆ ಎಸ್ರು ಯೋಳ್ತದೆ. ಒಬ್ನೇ ಕೂತಿರಕ್ಕೆ ಒಂಥರಾ ಆಯ್ತದೆ ಸಾ. ಅದ್ಕೇ ಬಟ್ಟೆ ಮುಚ್ಚಿವ್ನಿ."

ಎದ್ದು ಅವನ ಹಿಂದೆ ಹೋದೆ. ಹಳೆಯ ಕೇಸ್ ಶೀಟುಗಳ ಕಪಾಟುಗಳ ನಡುವೆ ಆ ಕಂಪ್ಯೂಟರ್ ಇತ್ತು. ಬಟ್ಟೆ ಸರಿಸಿದೆ. ಅದರ ಸಣ್ಣ ಸ್ಪೀಕರ್ ಚಪ್ಪಟೆ ದನಿಯಲ್ಲಿ ಅಕ್ಷರಗಳನ್ನು ಹೇಳುತ್ತಿತ್ತು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಎರಡೂ ಕಡೆ ವಿಂಡೋಸ್ ಇದ್ದರೆ ಚಿತ್ರದ ಜೊತೆ ದನಿಯೂ ತಾನಾಗಿಯೇ ಬರುತ್ತದೆ. ಆ ತುದಿಯಲ್ಲಿ ಲಿನಕ್ಸ್ ಇದ್ದರೆ ದನಿಯನ್ನು ಸಾಗಿಸಲು ಮಾಡ್ಯೂಲ್ ಎಂಬ ಪುಟ್ಟ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕಾಗಬಹುದು. ಹಾಕಿರಲಿಲ್ಲ. ಹೋಗಲು ದಾರಿಯಿಲ್ಲದ ದನಿ ಯಂತ್ರದ ಸ್ವಂತ ಸ್ಪೀಕರಿನಿಂದಲೇ ಹೊರಗೆ ಬರುತ್ತಿತ್ತು. ಭಾಗ್ಯ ಮಳವಳ್ಳಿಯಲ್ಲಿ ಒತ್ತಿದ ಪ್ರತಿ ಅಕ್ಷರವನ್ನೂ ಇಷ್ಟು ದಿನ ಕೇಳಿದ್ದವನು ನಿಂಗಯ್ಯ ಒಬ್ಬನೇ.

ಅಲ್ಲಿಂದಲೇ ಆಕೆಗೆ ಫೋನ್ ಮಾಡಿದೆ. "ನಿಮ್ಮ ಹೆಸರು ಟೈಪ್ ಮಾಡಿ."

ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದೆ. ಬಿ, ಎಚ್, ಎ, ಜಿ, ವೈ, ಎ ಎಂದಿತು ಯಂತ್ರ.

"ಫೋನ್ ಅಲ್ಲೇ ಇಡಿ ಸಾ," ಎಂದಳು. "ತಗೀಬ್ಯಾಡಿ."

ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಮೊಬೈಲ್ ಇಟ್ಟೆ. ಟೈಪ್ ಮಾಡಿಟ್ಟಿದ್ದ ಸಮ್ಮರಿಗಳನ್ನು ಆಕೆ ಸಾಲುಸಾಲಾಗಿ ಓದಿಸಿ ಕೇಳಿದಳು. ನಿಂಗಯ್ಯ ಸ್ಟೂಲಿನ ಮೇಲೆ ಕೂತು ತಾನೂ ಕೇಳಿದ. ಒಂದು ಕಡೆ ಬಿ.ಪಿ. ಮಾತ್ರೆಯ ಪ್ರಮಾಣ ಐದು ಎಂದಿರಬೇಕಾದಲ್ಲಿ ಐವತ್ತೈದು ಎಂದು ಓದಿತು. ಬೆರಳು ಎರಡು ಸಲ ಬಿದ್ದಿತ್ತು.

"ಕೇಳುಸ್ತಾ ಸಾ? ಇದ್ಕೇ ನಾ ಕಳ್ಸಿರ್ಲಿಲ್ಲ."

ತಿದ್ದಿ ಕಳಿಸಿದಳು. ಗುರುವಾರ ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಫೈಲುಗಳು ಬರತೊಡಗಿದವು. ಅಷ್ಟರಲ್ಲಿ ನಾನು ಮಾಡ್ಯೂಲ್ ಹಾಕಲು ಕೂತೆ. ಈ ಲಿನಕ್ಸ್‌ನ ಹೊಸ ಆವೃತ್ತಿಯಲ್ಲಿ ಸದ್ದನ್ನು ನಿಭಾಯಿಸುವ ವ್ಯವಸ್ಥೆಯೇ ಬದಲಾಗಿದ್ದರಿಂದ ಮೊದಲು ಹಾಕಿದ್ದು ಹೊಂದಲಿಲ್ಲ. ಅದಕ್ಕೆ ತಕ್ಕದ್ದನ್ನು ಹುಡುಕಿ, ಆ ಯಂತ್ರಕ್ಕೆ ಹೊಂದುವಂತೆ ಅಲ್ಲೇ ಸಿದ್ಧಮಾಡಿ ಸೇರಿಸಿದ ಮೇಲೆ ರೆಕಾರ್ಡ್ ರೂಮು ಮೌನವಾಯಿತು. ದನಿ ಮಳವಳ್ಳಿಗೆ ಹೋಯಿತು.

ಆದರೆ ಅಲ್ಲಿ ಇನ್ನೊಂದು ತೊಡಕು. ಮನೆಯ ಸ್ಕ್ರೀನ್ ರೀಡರ್, ಮಂಡ್ಯದ ಸ್ಕ್ರೀನ್ ರೀಡರ್ ಎರಡೂ ಒಟ್ಟಿಗೆ ಮಾತಾಡತೊಡಗಿದವು. ಎರಡಕ್ಕೂ ಆಜ್ಞೆ ಕೊಡುವ ಕೀಲಿ ಒಂದೇ. ಫೋನಿನಲ್ಲಿ ಹೇಳಿ ಮುಗಿಯುವಂತಿರಲಿಲ್ಲ. ಶುಕ್ರವಾರ ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು. ನೋಡಿದೆ ಅಷ್ಟೆ.

ಭಾಗ್ಯಳಿಗೆ ಮೂವತ್ತರ ಮೇಲಿನ ವಯಸ್ಸು. ತಾಯಿ ತಾಯಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ರಿಮೋಟ್ ಡೆಸ್ಕ್‌ಟಾಪ್ ತೆರೆದಾಗ ಮನೆಯ ಸ್ಕ್ರೀನ್ ರೀಡರ್ ತಾನಾಗಿ ಸುಮ್ಮನಾಗುವಂತೆ ಮಾಡಿದೆ. ಮಂಡ್ಯದ್ದಕ್ಕೆ ಕ್ಯಾಪ್ಸ್ ಲಾಕ್ ಕೀಲಿ ಕೊಟ್ಟೆ. ಮೊಬೈಲ್ ಇಂಟರ್ನೆಟ್‌ನಲ್ಲಿ ದನಿ ತಡವಾಗುತ್ತಿತ್ತು. ಗುಣಮಟ್ಟ ಇಳಿಸಿದ ಮೇಲೆ ಬೆರಳಿನ ಹಿಂದೆಯೇ ಬಂತು. ಆಕೆ ಒಂದು ಪುಟ ಟೈಪ್ ಮಾಡಿ ನಿಲ್ಲಿಸಿದಳು.

"ಸರಿ ಹೋಯ್ತಾ?"

"ಓಯ್ತು ಸಾ. ಕುಸಿ ಆಗ್ಬೇಕಿತ್ತು. ಏನೂ ಆಯ್ತಿಲ್ಲ. ಸದ್ದಿಲ್ದೆ ಕೂತು ಕೂತು ಮನಸ್ಸು ಮರಗಟ್ಟೋಗದೆ."

"ನನಗೂ ಹಾಗೇ," ಎಂದೆ.

ತಾಯಮ್ಮ ತಟ್ಟೆ ತಂದಿಟ್ಟರು. "ಮುದ್ದೆ ಅದೆ, ಉಂಡ್ಕೊಂಡೇ ಓಗಿ. ಮನೇಲಿ ಯಾರ್ಯಾರವ್ರೆ?"

"ಯಾರೂ ಇಲ್ಲ ಕಣಮ್ಮ."

ಆ ಮಾತನ್ನು ಅಲ್ಲಿಯವರೆಗೆ ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ತಾಯಮ್ಮ ಇನ್ನೊಂದು ಸೌಟು ಸಾರು ಬಿಟ್ಟರು. ಒಳಕೋಣೆಯಿಂದ ಕೀಬೋರ್ಡಿನ ಸದ್ದು, ಅದರ ಬೆನ್ನಿಗೇ ಆ ಚಪ್ಪಟೆ ದನಿ ಕೇಳುತ್ತಿತ್ತು. ತಟ್ಟೆ ಖಾಲಿಯಾಗುವವರೆಗೂ ಉಂಡೆ. ಬಹಳ ದಿನಗಳಿಂದ ಹಾಗೆ ಉಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಆಡಳಿತಾಧಿಕಾರಿಗೆ ವರದಿ ಕೊಟ್ಟೆ. ಮಳವಳ್ಳಿಯ ಸೌಂಡ್ ಸರಿಯಾಯಿತು ಎಂದೆ. "ಯಾವ ಸೌಂಡು?" ಎಂದರು. ನೆನಪಿಸಿದೆ. "ಫೈಲ್ ಬರ್ತಿದೆಯಲ್ಲ, ಸರಿ," ಎಂದು ಫೋನ್ ಎತ್ತಿಕೊಂಡರು. ಭಾಗ್ಯಳ ಕೆಲಸ ಉಳಿಯಿತು. ಯಾವ ಏಜೆನ್ಸಿಯೂ ಬರಲಿಲ್ಲ.

ರಿಮೋಟ್ ಡೆಸ್ಕ್‌ಟಾಪ್ ಅನ್ನುವುದೇ ಎದ್ದು ಹೋಗುವ ಶ್ರಮ ತಪ್ಪಿಸಲು ಮಾಡಿದ ಸಾಧನ. ವರ್ಷಗಟ್ಟಲೆ ಅದರೊಡನೆ ಕೆಲಸ ಮಾಡಿದವನಿಗೆ ಆ ಕೇಸು ಕಲಿಸಿದ್ದು ಅದಕ್ಕೆ ವಿರುದ್ಧವಾದದ್ದು. ಒಂದು ಕಡೆ ತಲುಪಲಿಲ್ಲ ಎಂದ ಮಾತ್ರಕ್ಕೆ ಏನೂ ಹೊರಟೇ ಇಲ್ಲ ಎಂದು ಬರೆಯಬಾರದು. ಹೊರಟ ಜಾಗಕ್ಕೂ ಹೋಗಬೇಕು, ತಲುಪಬೇಕಾದ ಜಾಗಕ್ಕೂ ಹೋಗಬೇಕು. ಈಗ ಯಾವ ದೂರು ಬಂದರೂ ನಾನು ಮೊದಲು ಕುರ್ಚಿ ಬಿಟ್ಟು ಏಳುತ್ತೇನೆ.