ಐದು ಕಾಯಿ ಪಾಸು, ಒಂದು ಬಾಕಿ

ಹತ್ತನೆಯ ತರಗತಿ ಪಾಸಾಗುವುದು ಹೇಗೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವುದು ನನ್ನ ನೌಕರಿಯ ಒಂದು ಭಾಗ. ಅದನ್ನು ಮೊದಲು ನನಗೆ ಹೇಳಿಕೊಡಲೆಂದು ಯಾದಗಿರಿಯಲ್ಲಿ ವರ್ಷಕ್ಕೊಮ್ಮೆ ತರಬೇತಿ ನಡೆಯುತ್ತದೆ. ಆ ತರಬೇತಿಯಲ್ಲಿ ನಾನು ತಪ್ಪದೆ ನಿದ್ದೆ ಮಾಡುತ್ತೇನೆ. ಪಾಠದ ನಡುವೆ ತೂಕಡಿಸುವ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ಮನುಷ್ಯನಿಗೆ ಇದು ಶೋಭೆಯಲ್ಲ, ಒಪ್ಪುತ್ತೇನೆ. ಆದರೆ ಊಟವಾದ ಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಫ್ಯಾನು ಹಾಕಿ, ಪರದೆಯ ಮುಂದೆ ನಿಂತು ಒಬ್ಬರು ಮೆಲ್ಲಗೆ ನಿಯಮ ಓದತೊಡಗಿದರೆ ಎಂಥ ಯೋಗಿಯಾದರೂ ಏನು ಮಾಡಿಯಾನು? ಎಚ್ಚರವಾದಾಗ ಪರದೆಯ ಮೇಲೆ ಯಾವ ಸಾಲು ಇರುತ್ತದೆಯೋ ಅದೇ ಆ ವರ್ಷದ ನನ್ನ ಜ್ಞಾನ. ಉಳಿದದ್ದನ್ನು ವಾಪಸು ಬರುವಾಗ ಬಸ್ಸಿನಲ್ಲಿ ಗಣಿತದ ಮಾಸ್ತರರನ್ನು ಕೇಳಿಕೊಳ್ಳುತ್ತೇನೆ. ಅವರೂ ಮಲಗಿದ್ದರೆ ಆ ವರ್ಷ ಮಕ್ಕಳಿಗೆ ದೇವರೇ ಗತಿ.

ನಾನು ಇರುವುದು ಶಹಾಪುರದಲ್ಲಿ. ಕಲಿಸುವುದು ಸುರಪುರ ದಾಟಿ ಬೋನಾಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ, ಸಮಾಜ ವಿಜ್ಞಾನ. ಚಳಿಗಾಲದಲ್ಲಿ ಅಲ್ಲಿಯ ಕೆರೆಗೆ ದೂರದ ದೇಶಗಳಿಂದ ಹಕ್ಕಿಗಳು ಬರುತ್ತವೆ. ಅದೇ ಹೊತ್ತಿಗೆ ಮಾಸ್ತರರಾದ ನಾವೂ ಮನೆ ಮನೆ ಭೇಟಿಗೆ ಹೊರಡುತ್ತೇವೆ. ಹಕ್ಕಿಗಳನ್ನು ಕಂಡರೆ ಜನಕ್ಕೆ ಸಂತೋಷವಾಗುತ್ತದೆ. ನಮ್ಮನ್ನು ಕಂಡರೆ, ಮಗ ಏನೋ ಕಿತಾಪತಿ ಮಾಡಿ ಬಂದಿದ್ದಾನೆ ಎಂದು ತಿಳಿದು, ನಾವು ಬಾಯಿ ತೆರೆಯುವ ಮೊದಲೇ ಅವನ ಬೆನ್ನಿಗೆ ಒಂದು ಬೀಳುತ್ತದೆ. ‘ಹಂಗಲ್ರಿ, ಪರೀಕ್ಷೆಯ ನಿಯಮ ಹೇಳಾಕ ಬಂದೀವಿ’ ಎನ್ನುವಷ್ಟರಲ್ಲಿ ಅವನು ಕೆರೆಯ ಆಚೆ ದಂಡೆಯಲ್ಲಿರುತ್ತಾನೆ. ಆಮೇಲೆ ಚಹಾ ಬರುತ್ತದೆ. ಪ್ರತಿ ಮನೆಯಲ್ಲೂ ಬರುತ್ತದೆ, ಪ್ರತಿ ಮನೆಯಲ್ಲೂ ಕುಡಿಯಲೇಬೇಕು. ಓಣಿ ಮುಗಿಯುವ ಹೊತ್ತಿಗೆ ನಿಯಮ ನನ್ನ ಹೊಟ್ಟೆಯಲ್ಲಿ ಸಕ್ಕರೆಯ ಜೊತೆ ಕರಗಿಹೋಗಿರುತ್ತದೆ.

ಪಾಲಕರ ಸಭೆ ಕರೆಯಬಹುದಲ್ಲ ಎನ್ನುತ್ತೀರಿ. ಕರೆಯುತ್ತೇವೆ. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿಸಿದರೆ ಬರುತ್ತಾರೆ ಕೂಡ. ಒಮ್ಮೆ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಹಾಜರಿ ನೂರಕ್ಕೆ ಎಪ್ಪತ್ತೈದಾದರೂ ಇರಬೇಕು, ಅಂಕ ಮೂವತ್ತೈದಾದರೂ ಬರಬೇಕು. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು. ‘ನಮ್ಮ ಹುಡುಗ ದಿನಾ ಸಾಲಿಗೆ ಬಂದಾನ್ರಿ ಸರ. ಹಾಜರಿ ನೂರಕ್ಕ ನೂರು ಅದ. ಅದರಾಗಿಂದ ಒಂದೀಟು ತಗೊಂಡು ಗಣಿತಕ್ಕ ಹಾಕ್ರಲ್ಲ!’ ಸಭೆಯೆಲ್ಲ ಹೌದು ಹೌದು ಎಂದಿತು. ಭಜಿ ಆರಿಹೋಗುತ್ತದೆ ಎಂದು ಹೇಳಿ ಸಭೆ ಮುಗಿಸಿದೆ.

ಶಾಲೆಯೇ ಕೊಡುವ ಆಂತರಿಕ ಅಂಕಗಳದ್ದು ಇನ್ನೊಂದು ಕಥೆ. ಇದು ಊರಿಗೆ ಗೊತ್ತಾದ ದಿನದಿಂದ ನಾನು ಸಂತೆಗೆ ಹೋಗುವುದು ಕಷ್ಟವಾಗಿದೆ. ಬದನೆಕಾಯಿ ತೂಗಿದ ಮೇಲೆ ನಾನು ರೂಢಿಯಂತೆ ಒಂದೆರಡು ಕೊಸರು ಕೇಳಿದರೆ, ಮಾರುವಾಕೆ ಚೀಲಕ್ಕೆ ನಾಲ್ಕು ಹಾಕಿ, ‘ನಾ ಕೊಸರು ಹಾಕೀನಿ ನೋಡ್ರಿ. ನಿಮ್ಮ ಕೈಯಾಗೂ ಅಂಕ ಅದಾವಂತ, ನಮ್ಮ ಹುಡುಗಿಗೆ ನೀವೂ ಹಾಕ್ರಿ’ ಎನ್ನುತ್ತಾಳೆ. ಬದನೆಕಾಯಿ ವಾಪಸು ಕೊಡಲು ಮನಸ್ಸಾಗುವುದಿಲ್ಲ, ತಿನ್ನಲು ಧೈರ್ಯವಾಗುವುದಿಲ್ಲ.

ಇಷ್ಟೆಲ್ಲ ನಿಯಮಗಳ ನಡುವೆ ನಮ್ಮ ಜನಕ್ಕೆ ಸರಿಯಾಗಿ ಗೊತ್ತಿರುವ ಮಾತು ಒಂದೇ: ನಪಾಸು. ಇಂಗ್ಲಿಷಿನ ಪಾಸಿಗೆ ಫಾರಸಿಯ ನ ಹಚ್ಚಿ, ಕನ್ನಡದ ಉಕಾರದಿಂದ ಬಾಗಿಲು ಮುಚ್ಚಿದ ಶಬ್ದ. ಮೂರು ರಾಜ್ಯಭಾರಗಳು ಕೂಡಿ ಒಂದು ಮಗುವನ್ನು ಮನೆಯಲ್ಲಿ ಕೂರಿಸಿದಂತೆ. ನಿಜಾಮನ ಕಾಲದಲ್ಲಿ ಓದಿದ ನಮ್ಮ ಮುತ್ಯಾ ಉರ್ದುವಿನಲ್ಲಿ ನಪಾಸಾಗಿ ಶಾಲೆ ಬಿಟ್ಟವರು. ಆಮೇಲೆ ಜೀವಮಾನವೆಲ್ಲ ಮನೆಮಂದಿಯನ್ನು ಉರ್ದುವಿನಲ್ಲಿಯೇ ಬೈದರು, ಒಂದು ತಪ್ಪಿಲ್ಲದೆ. ಅವರಿಗೆ ಇನ್ನೊಂದು ಸಲ ಬರೆಯಬಹುದು ಎಂದು ಯಾರೂ ಹೇಳಲಿಲ್ಲ. ಈಗ ವರ್ಷದಲ್ಲಿ ಮೂರು ಸಲ ಪರೀಕ್ಷೆ ಇದೆ. ಮೊದಲನೆಯದರಲ್ಲಿ ಹೋದದ್ದನ್ನು ಎರಡನೆಯದರಲ್ಲಿ, ಅಲ್ಲಿಯೂ ಹೋದರೆ ಮೂರನೆಯದರಲ್ಲಿ ಬರೆಯಬಹುದು. ಹೋದ ವಿಷಯವನ್ನಷ್ಟೇ ಬರೆದರೆ ಸಾಕು. ನಾನು ಎಚ್ಚರವಿದ್ದು ಕೇಳಿಸಿಕೊಂಡ ನಿಯಮ ಇದೊಂದೇ. ಆದ್ದರಿಂದ ಇದರ ಮೇಲೆ ನನಗೆ ವಿಶೇಷ ಪ್ರೀತಿ.

ಮೊನ್ನೆಯ ಬೇಸಿಗೆಯಲ್ಲಿ ಆ ನಿಯಮವನ್ನು ಹಿಡಿದುಕೊಂಡು ನಾನು ರೇಣುಕಾಳ ಮನೆಗೆ ಓಡಬೇಕಾಯಿತು. ರೇಣುಕಾ ನನ್ನ ವಿದ್ಯಾರ್ಥಿನಿ. ಐದು ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಕೂದಲೆಳೆಯಷ್ಟರಲ್ಲಿ ಹೋಗಿದ್ದಳು. ಅವಳ ಅಪ್ಪ ಭೀಮಣ್ಣ ಗೌಂಡಿ, ಊರಿನ ಅರ್ಧ ಮನೆಗಳ ಗೋಡೆ ಅವನು ಕಟ್ಟಿದ್ದು. ಓದು ಸಾಕು ಎಂದು ಅವನು ತೀರ್ಮಾನಿಸಿದ್ದ. ಹುಣಸಗಿ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಎರಡನೆಯ ಪರೀಕ್ಷೆಗೆ ಹೆಸರು ಕೊಡುವ ಗಡುವು ಮುಗಿಯುತ್ತ ಬಂದಿತ್ತು.

‘ಒಂದೇ ವಿಷಯ ಬರದ್ರ ಸಾಕಪ ಭೀಮಣ್ಣ’ ಎಂದೆ.

‘ಅದೆಂಗ್ ಸಾಕಾಗ್ತದ್ರಿ ಸರ?’ ಎಂದ ಅವನು. ‘ಒಂದು ಮೂಲಿ ಸೊಟ್ಟಾದ್ರ ಮೂಲಿ ಅಷ್ಟ ಕಿತ್ತಾಕ ಬರ್ತದೇನು? ಗ್ವಾಡಿನ ಕೆಡವಬೇಕು. ಆರೂ ಹೊಸದಾಗಿ ಬರೀಬೇಕಾಗ್ತದ. ಮತ್ತ ಒಂದು ವರ್ಷ ಹೋಗ್ತದ. ಪೋರಿ ನಪಾಸ್ ಆಗ್ಯಾಳ, ಮುಗೀತು.’

ಅವನು ದುಷ್ಟನಲ್ಲ. ಮಗಳನ್ನು ಶಾಲೆಗೆ ಬಿಡಲು ಎಷ್ಟೋ ದಿನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದವನು. ಗೋಡೆಯ ಶಾಸ್ತ್ರ ಅವನಿಗೆ ಗೊತ್ತು, ಪರೀಕ್ಷೆಯದು ಗೊತ್ತಿಲ್ಲ, ಅಷ್ಟೆ. ಗೋಡೆಯ ವಿಷಯದಲ್ಲಿ ಅವನ ಜೊತೆ ವಾದ ಮಾಡುವ ಯೋಗ್ಯತೆ ನನಗಿರಲಿಲ್ಲ. ಶಹಾಪುರದಲ್ಲಿ ನಾನು ನಿಂತು ಕಟ್ಟಿಸಿದ ಕಂಪೌಂಡು ಈಗಲೂ ರಸ್ತೆಯ ಕಡೆ ವಾಲಿಕೊಂಡಿದೆ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಅಪರಾಧ ಎಂದು ಹೆದರಿಸಿ ನೋಡಿದೆ. ‘ಈಗ ಮಾತ ಅಷ್ಟ ರೀ. ಮದಿವಿ ಆಮ್ಯಾಲ’ ಎಂದ. ಇಲಾಖೆಯ ಸುತ್ತೋಲೆಯನ್ನು ಮೊಬೈಲಿನಲ್ಲಿ ತೋರಿಸಿದೆ. ಮೊಬೈಲಿನಲ್ಲಿ ಬಂದದ್ದೆಲ್ಲ ಸುಳ್ಳು ಎಂದು ಹಿಂದೊಮ್ಮೆ ಅವನಿಗೆ ಬುದ್ಧಿ ಹೇಳಿದವನೂ ನಾನೇ. ಕೊಟ್ಟ ಚಹಾ ಕುಡಿಯತೊಡಗಿದೆ. ನನಗೆ ನಿಜವಾಗಿಯೂ ಅಳು ಬಂದಿತ್ತು. ಬುದ್ಧಿವಂತ ಹುಡುಗಿ ಒಂದು ತಪ್ಪು ತಿಳಿವಳಿಕೆಗೆ ಬಲಿಯಾಗಿ ಮನೆಯಲ್ಲಿ ಕೂರುತ್ತಾಳಲ್ಲ ಎಂದು ಸಂಕಟವಾಗುತ್ತಿತ್ತು.

ಆಗ ಅಡುಗೆಮನೆಯಿಂದ ಭೀಮಣ್ಣನ ತಾಯಿ ಹಣಮವ್ವ ತಟ್ಟೆಯಲ್ಲಿ ತೆಂಗಿನ ಹೋಳು ಹಿಡಿದುಕೊಂಡು ಬಂದಳು. ಮಗನ ಕೈಗೊಂದು, ನನ್ನ ಕೈಗೊಂದು ಹಾಕಿ, ‘ಕೊಡೇಕಲ್ ಗುಡಿ ಪ್ರಸಾದ, ತಿನ್ರಿ’ ಎಂದಳು. ಮೊಮ್ಮಗಳು ಪಾಸಾದರೆ ವಿಷಯಕ್ಕೊಂದರಂತೆ ಕಾಯಿ ಒಡೆಸುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದಳಂತೆ.

‘ಪಾಸಾಗಿಲ್ಲಲ್ಲಬೇ, ಯಾಕ ಹೋಗಿದ್ದಿ?’ ಎಂದ ಭೀಮಣ್ಣ ಹೋಳು ಕಡಿಯುತ್ತ.

‘ದೇವರು ಐದು ಕೊಟ್ಟಾನ, ನಾ ಐದು ಒಡಸೇನಿ. ಇಂಗ್ಲಿಷಿಂದು ದೇವರ ಜಗಲಿ ಮ್ಯಾಲ ಇಟ್ಟೇನಿ. ಅದನ್ನ ನೀ ಕೊಟ್ಟಾಗ ನಾ ಕೊಡ್ತೀನಿ ಅಂತ ಹೇಳಿ ಬಂದೇನಿ.’

ದೇವರ ಜೊತೆ ಇಷ್ಟು ನೇರವಾಗಿ ವ್ಯವಹಾರ ಮಾಡುವವರನ್ನು ನಾನು ಕಂಡಿರಲಿಲ್ಲ. ಭೀಮಣ್ಣ ಮತ್ತೆ ಗೋಡೆಯ ಮಾತು ತೆಗೆದ. ಮುದುಕಿಗೆ ಸಿಟ್ಟು ಬಂತು.

‘ಆರೂ ಹೊಳ್ಳಿ ಬರೀಬೇಕಂದ್ರ ಒಡದ ಕಾಯಿ ಹೊಳ್ಳಿ ಕೂಡ್ತಾವೇನೋ? ಓಣಿ ಮಂದಿ ತಿಂದಾರ. ನೀನೂ ತಿನ್ನಾಕತ್ತಿ. ಐದು ಮುಗದಾವ, ಒಂದು ಉಳದದ. ಇಷ್ಟು ತಿಳಿಯಂಗಿಲ್ಲೇನು?’

ಭೀಮಣ್ಣ ಅಗಿಯುವುದನ್ನು ನಿಲ್ಲಿಸಿದ. ಇಲಾಖೆಯನ್ನು ಅನುಮಾನಿಸಬಹುದು, ಮಾಸ್ತರನನ್ನು ಅನುಮಾನಿಸಬಹುದು. ಅರ್ಧ ಗಂಟಲಿಗಿಳಿದ ಪ್ರಸಾದವನ್ನು ಅನುಮಾನಿಸುವುದು ಹೇಗೆ? ಹಣಮವ್ವನ ಲೆಕ್ಕಕ್ಕೂ ಇಲಾಖೆಯ ನಿಯಮಕ್ಕೂ ಯಾವ ಸಂಬಂಧವೂ ಇಲ್ಲ. ಆಕೆ ಇಂಗ್ಲಿಷ್ ಎಂದರೆ ಒಬ್ಬ ಬಿಳಿಯ ಅಧಿಕಾರಿ ಎದುರಿಗೆ ಕೂತು ಕೇಳುವ ಪರೀಕ್ಷೆ ಎಂದೇ ತಿಳಿದಿದ್ದಳು. ನಾನು ತಿದ್ದಲು ಹೋಗಲಿಲ್ಲ. ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡು ‘ಖರೇ, ಖರೇ’ ಎಂದಷ್ಟೇ ಹೇಳಿದೆ.

‘ಹಂಗಾರ ಬರೀಲಿ ಬಿಡ್ರಿ’ ಎಂದ ಭೀಮಣ್ಣ.

ಗೆದ್ದ ಉಮೇದಿನಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದ ರೇಣುಕಾಳ ಕಡೆ ತಿರುಗಿ, ‘ಒಂದೇ ವಿಷಯ ಅದವ್ವಾ, ಬರೀತಿ ಹೌದಿಲ್ಲೋ?’ ಎಂದೆ.

‘ಆರೂ ಬರಿ ಅಂದ್ರೂ ಬರೀತಿದ್ನಿರಿ ಸರ’ ಎಂದಳು. ‘ನನಗ ಯಾರ್ ಕೇಳೀರಿ?’

ಮೂವರು ದೊಡ್ಡವರು ಗೋಡೆ, ಸುತ್ತೋಲೆ, ತೆಂಗಿನಕಾಯಿ ಎಂದು ಅಷ್ಟು ಹೊತ್ತು ಜಗಳಾಡಿದ್ದೆವು. ಉಳಿದ ಕೊಬ್ಬರಿ ನನಗೆ ರುಚಿಸಲಿಲ್ಲ.

ರೇಣುಕಾ ಬರೆದಳು, ಪಾಸಾದಳು. ಫಲಿತಾಂಶ ನೋಡಿದ ನಾನು ಸ್ಟಾಫ್ ರೂಮಿನಲ್ಲಿ ಕೂಗಿದ ಕೂಗಿಗೆ ಮುಖ್ಯೋಪಾಧ್ಯಾಯರು ಹಾವು ಬಂತೆಂದು ಕುರ್ಚಿಯ ಮೇಲೆ ಹತ್ತಿದರು. ಈಗ ಅವಳು ಸುರಪುರದ ಪಿಯು ಕಾಲೇಜಿಗೆ ಹೋಗುತ್ತಿದ್ದಾಳೆ. ಹುಣಸಗಿಯವರು ಮತ್ತೊಮ್ಮೆ ಬಂದಿದ್ದರಂತೆ. ಹಣಮವ್ವ ಚಹಾ ಕೊಟ್ಟು, ಹುಡುಗ ಹತ್ತನೇ ಪಾಸೇನ್ರಿ ಎಂದು ಕೇಳಿದಳಂತೆ. ಎರಡು ವಿಷಯ ಉಳಿದಿವೆ ಎಂದರಂತೆ. ‘ಬರದು ಬರ್ಲಿ. ಈಗ ಮೂರು ಸಲ ಬರ್ಯಾಕ ಬರ್ತದ, ನಿಮಗ್ಯಾರೂ ಹೇಳಿಲ್ಲೇನು?’ ಎಂದು ಕಳಿಸಿದಳಂತೆ. ಭೀಮಣ್ಣ ಇದನ್ನು ನನಗೆ ಹೇಳುವಾಗ ನಕ್ಕು ನಕ್ಕು ಕೈಯಲ್ಲಿದ್ದ ಗಾರೆಯ ಕರಣೆ ಕೆಳಗೆ ಬಿಟ್ಟ.

ಅದಾಗಿ ಕೆಲವು ದಿನಕ್ಕೆ ಶಹಾಪುರದ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ನನಗೂ ಸೀಟು ಹಿಡಿದರು. ಹುಣಸಗಿಯ ಆ ಹುಡುಗನ ಸೋದರಮಾವ ಎಂದು ಆಮೇಲೆ ತಿಳಿಯಿತು.

‘ಎರಡು ಉಳದಾವ್ರಿ ಸರ. ಆರೂ ಬರೀಬೇಕೇನ್ರಿ?’ ಎಂದರು.

‘ಇಲ್ರಿ, ಎರಡೇ’ ಎಂದೆ. ಹೆಸರು ಕೊಡುವುದು ಹೇಗೆ, ಯಾವಾಗ, ಎಲ್ಲಿ ಎಂದು ದಾರಿಯುದ್ದಕ್ಕೂ ಬಿಡಿಸಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಿಯಮ ಕೇಳಿದವರು ಇನ್ನೊಬ್ಬರಿಲ್ಲ. ತಿಳೀತು, ತಿಳೀತು ಎಂದು ಪ್ರತಿ ಮಾತಿಗೂ ತಲೆಯಾಡಿಸಿದರು. ಸುರಪುರ ಸಮೀಪಿಸಿದಾಗ ಮೆಲ್ಲಗೆ ಕೇಳಿದರು: ‘ಎಲ್ಲಾ ಪಾಸಾದ ಅಂತ ತಿಳೀರಿ. ಹುಡುಗಿ ಕೊಡ್ತಾರೇನ್ರಿ?’

‘ಅಷ್ಟೊತ್ತಿಗೆ ಆಕಿ ಇನ್ನೂ ಮುಂದ ಹೋಗಿರ್ತಾಳ್ರಿ.’

‘ಹಂಗಾರ ನಮ್ಮ ಹುಡುಗ ಎಲ್ಲೀತನಕ ಓದಬೇಕ್ರಿ?’

‘ಅದನ್ನ ಆಕಿನ್ನ ಕೇಳಬೇಕ್ರಿ’ ಎಂದೆ.

‘ಆಕಿನ್ನಾ?’ ಎಂದು ಅವರು ನನ್ನ ಮುಖವನ್ನೇ ನೋಡಿದರು. ಶಹಾಪುರದಿಂದ ಹೇಳಿಕೊಂಡು ಬಂದ ಅಷ್ಟೂ ನಿಯಮಗಳಲ್ಲಿ ಅವರಿಗೆ ತಿಳಿಯದೆ ಉಳಿದದ್ದು ಅದೊಂದೇ.